ಎದೆಗೆ ಕಟ್ಟಿದ ಅಯಸ್ಕಾಂತ

"ಬಿಚ್ಚಬ್ಯಾಡ! ಅದ್ನ ಮುಟ್ಟಬ್ಯಾಡ ಕಣವ್ವ..."

ಮಹದೇವಮ್ಮ ಎರಡೂ ಕೈಯಿಂದ ಎದೆ ಮುಚ್ಚಿಕೊಂಡರು. ಅತ್ತೆಗೆ ಸ್ನಾನ ಮಾಡಿಸಲು ಬಚ್ಚಲಿಗೆ ಬಂದಿದ್ದ ಸಂಘಮಿತ್ರಾ ಬೆಪ್ಪಾಗಿ ನಿಂತಳು. ಎಡಮೊಲೆಯ ಗಂಟಿನ ಮೇಲೆ, ಹಳೇ ಸೀರೆಯ ಪಟ್ಟಿಯಲ್ಲಿ ಬಿಗಿದು ಕಟ್ಟಿದ್ದ ಕಪ್ಪನೆಯ ಬಿಲ್ಲೆ! ತನ್ನ ಗಂಡ ನಾಗೇಂದ್ರನ ಕೆಟ್ಟುಹೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ. ಸುತ್ತಲಿನ ಚರ್ಮ ಉಜ್ಜಿ ಕೆಂಪಾಗಿತ್ತು.

"ಇದ್ಯಾಕತ್ತೆ?"

"ನೀನೇ ತೋರಿಸ್ದಲ್ಲ! ಬಾಟ್ಲಿ ಒಳಗಿನ ಕರೀ ನೀರು ಅಯಸ್ಕಾಂತ ಇಟ್ಟ ಕಡೀಕೇ ಓಡ್ಬತ್ತಿತ್ತು. ಔಷ್ದಿನೂ ಅಂಗೇ ಗಂಟಿನ ತಾವ್ಕೆ ಬತ್ತದೆ ಅಂದೆ..."

ಏಳು ವರ್ಷದಿಂದ ಸಂಘಮಿತ್ರಾ ತಿ. ನರಸೀಪುರದಲ್ಲಿ ಬಸ್ಸು ಹತ್ತಿ ನಂಜನಗೂಡಿನ ಪ್ರಯೋಗಾಲಯಕ್ಕೆ ಹೋಗಿಬರುತ್ತಿದ್ದಳು. ಕಣ್ಣಿಗೇ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳಿಗೆ ಕ್ಯಾನ್ಸರ್ ಔಷಧಿ ಅಂಟಿಸಿ, ಅಯಸ್ಕಾಂತದಿಂದ ಗಡ್ಡೆಯ ಕಡೆಗೇ ಎಳೆಯುವುದನ್ನು ಇಲಿಗಳ ಮೇಲೆ ಪರೀಕ್ಷಿಸುವ ಕೆಲಸ. ಅಷ್ಟೂ ವರ್ಷ ಅತ್ತೆಯ ಬಾಯಲ್ಲಿ ಅವಳು "ಇಲಿ ಸಾಕೋಳು". ಮಡಿಲು ತುಂಬಲಿಲ್ಲವೆಂದು ನೆಂಟರೆದುರು ಆಡಿಕೊಂಡದ್ದೆಷ್ಟು, ತಟ್ಟೆಯ ಮುಂದೆ ಕೂತಾಗ ಚುಚ್ಚಿದ್ದೆಷ್ಟು! ಕಾಯಿಲೆ ಬಂದ ಈ ನಾಲ್ಕು ತಿಂಗಳಲ್ಲಿ ಮಾತ್ರ ಅತ್ತೆ ಮೆತ್ತಗಾಗಿದ್ದರು. ಸಂಜೆ ಬಾಗಿಲಲ್ಲಿ ಕಾದು ಕೂತು, "ನನ್ ಸೊಸೆ ಔಷ್ದಿ ಮಾಡೋಳು" ಎಂದು ಬೀದಿಗೆಲ್ಲ ಹೇಳುತ್ತಿದ್ದರು. ಅದು ಯಾಕೆಂದು ಅವಳಿಗೆ ಈಗ ಗೊತ್ತಾಯಿತು.

"ಡ್ರಿಪ್ಪು ಆಕ್ದಾಗೆಲ್ಲ ಇದು ಎದೆ ಮ್ಯಾಲೇ ಇತ್ತು. ಡಾಕ್ಟ್ರು ನೋಡೋವಾಗ ಬಿಚ್ಚಿ ಸೊಂಟಕ್ಕೆ ಸಿಗಿಸ್ಕತಿದ್ದೆ. ಗಂಟು ಅರ್ಧ ಕರಗದೆ ಅಂತ ಅವ್ರೇ ಅಂದ್ರಲ್ಲ! ಮಿಕ್ಕಿದ್ದೂ ಕರಗ್ತದೆ. ನಾಳೆ ಆಪ್ರೇಸನ್‌ಗೆ ನಾ ಬರಕ್ಕಿಲ್ಲ. ಕುಯ್ಸಬ್ಯಾಡ ಕಣವ್ವ..."

ಸಂಘಮಿತ್ರಾ ಬಚ್ಚಲ ಕಲ್ಲಿನ ಮೇಲೆ ಕೂತಳು. ಹೌದೆಂದು ಸುಮ್ಮನಾದರೆ ಈ ಆದರ ಉಳಿದೀತು. ಆದರೆ ಅತ್ತೆ ಉಳಿಯಬೇಕಲ್ಲ!

"ಅತ್ತೆ, ಆಸ್ಪತ್ರೆ ಡ್ರಿಪ್ಪಲ್ಲಿ ನನ್ನ ಕಣ ಇಲ್ಲ. ಅಯಸ್ಕಾಂತಕ್ಕೆ ಅದು ಬರೋದೇ ಇಲ್ಲ. ಗಂಟು ಕರಗಿದ್ದು ಅವ್ರ ಔಷ್ದಿಗೆ. ನಂದಿನ್ನೂ ಇಲಿಗಳನ್ನೇ ದಾಟಿಲ್ಲ. ಮನುಷ್ಯರಿಗೆ ಕೊಡಕ್ಕೆ ಇನ್ನೆಷ್ಟು ವರ್ಷ ಬೇಕೋ, ಆಗ್ತದೋ ಇಲ್ವೋ..."

ಮಹದೇವಮ್ಮನ ಮುಖ ಮೊದಲಿನಂತೆ ಗಂಟಿಕ್ಕಿತು.

"ಅಂಗಾರೆ ಏಳು ವರ್ಸ ಅಲ್ಲೋಗಿ ನೀ ಮಾಡಿದ್ದೇನು?"

ಎಂಥ ಮಾತು! ಇದೇ ಪ್ರಶ್ನೆಯನ್ನು ಅವಳೂ ಎಷ್ಟೋ ಸಲ ಬಸ್ಸಿನ ಕಿಟಕಿಗೆ ತಲೆಯಾನಿಸಿ ತನಗೇ ಕೇಳಿಕೊಂಡಿದ್ದಳು.

"ಏನೂ ಮಾಡ್ಲಿಲ್ಲ ಅಂತಲೇ ಅಂದ್ಕೊಳ್ಳಿ. ಎಷ್ಟು ಬೇಕಾದ್ರೂ ಬಯ್ಯಿರಿ... ಆದ್ರೆ ನಾಳೆ ಬನ್ನಿ ಅತ್ತೆ! ನಿಮ್ಮ ಕಾಲಿಗೆ ಬೀಳ್ತೀನಿ!"

ಹಂಡೆಯ ನೀರು ಆರುತ್ತಿತ್ತು. ಮಹದೇವಮ್ಮ ತಾವೇ ಪಟ್ಟಿಯ ಗಂಟು ಬಿಚ್ಚಿದರು. "ನೀರುಯ್ಯಿ. ತಣ್ಗಾಯ್ತು" ಎಂದರು, ಅಷ್ಟೇ.

ಮಾರನೆಯ ದಿನ ಅವರು ಮೈಸೂರಿನ ಆಸ್ಪತ್ರೆಗೆ ಬಂದರು. ಆಪರೇಷನ್ನಿಗೆ ಮುಂಚೆ ಒಡವೆ ತೆಗೆದು ಮನೆಯವರ ಕೈಗೆ ಕೊಡಿ ಎಂದಳು ನರ್ಸು. ಪಕ್ಕದಲ್ಲಿ ಮಗ ನಾಗೇಂದ್ರ ಕೈ ಚಾಚಿದ. ಮಹದೇವಮ್ಮ ಅವನನ್ನು ನೋಡಲೇ ಇಲ್ಲ. ಬೀರುವಿನ ಬೀಗದ ಕೈಯನ್ನು ಒಮ್ಮೆಯೂ ಮುಟ್ಟಗೊಡದಿದ್ದ ಸೊಸೆಯ ಸೆರಗಿಗೆ ಓಲೆ, ಮೂಗುಬಟ್ಟು ಹಾಕಿದರು. ಆಮೇಲೆ ಸೊಂಟದಿಂದ ಆ ಕಪ್ಪು ಬಿಲ್ಲೆಯನ್ನೂ ತೆಗೆದು ಹಾಕಿದರು.

"ಓಲೆ, ಮೂಗುಬಟ್ಟು ನಾ ಬಂದ್ಮ್ಯಾಲೆ ಕೊಡು. ಇದ್ನ ನೀನೇ ಮಡೀಕೋ. ಕೆಲ್ಸ ಬಿಡಬ್ಯಾಡ ಕಣವ್ವ... ನಂಗಾಗ್ನಿಲ್ಲ, ಇನ್ನೊಬ್ಳಿಗಾರ ಆಗ್ಲಿ."

ಅವರನ್ನು ಒಳಗೆ ಕರೆದೊಯ್ದ ಮೇಲೆ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಸಂಘಮಿತ್ರಾ ಸೆರಗಿಗೆ ಗಂಟು ಹಾಕಿ, ಅದನ್ನು ಬಿಗಿಯಾಗಿ ಹಿಡಿದು ಬಾಗಿಲೆದುರೇ ಕೂತಳು.