ಯಲಿಗಾರರ ಆರು ಪ್ರತಿಗಳು

ಅನುಭವಗ್ರಾಹಿ ಯಂತ್ರ ಸಣ್ಣಗೆ ಗುಂಯ್‌ಗುಡುತ್ತ ತನ್ನ ಕೆಲಸ ನಡೆಸಿತ್ತು. ಅದರ ಜಾಲರಿ ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡು ಕುಳಿತಿದ್ದ ಗುರುಬಸಪ್ಪ ಯಲಿಗಾರರು ಆಕಳಿಸುತ್ತಿದ್ದರು. ಎದುರಿನ ಪರದೆಯ ಮೇಲೆ ಕಮಡೊಳ್ಳಿ ಪಂಪ್ಸ್ ಕಂಪನಿಯ ಹಳೆಯ ಆರ್ಡರುಗಳು ಒಂದರ ಹಿಂದೊಂದು ಬಂದು ಹೋಗುತ್ತಿದ್ದವು. ಬಾಯಿ ತೆರೆದು ಏನನ್ನೂ ಹೇಳುವ ಅಗತ್ಯವಿರಲಿಲ್ಲ. ನೋಡಿದರೆ ಸಾಕು, ಆ ದಿನ ತಲೆಯಲ್ಲಿ ಓಡಿದ್ದೆಲ್ಲ ತಾನಾಗಿ ಎದ್ದು ಬರುತ್ತಿತ್ತು, ಟೊಪ್ಪಿಗೆ ಅದನ್ನು ಹೀರಿಕೊಳ್ಳುತ್ತಿತ್ತು.

ಆ ಕಾಲಕ್ಕೆ ಹುಬ್ಬಳ್ಳಿಯ ಕಾರ್ಖಾನೆಗಳಲ್ಲಿ ಎರಕ ಹೊಯ್ಯುವುದು, ಕೊರೆಯುವುದು, ಜೋಡಿಸುವುದು ಎಲ್ಲವನ್ನೂ ಯಂತ್ರಗಳೇ ಮಾಡಿಕೊಳ್ಳುತ್ತಿದ್ದವು. ಮನುಷ್ಯರ ಪಾಲಿಗೆ ಉಳಿದದ್ದು ತೀರ್ಮಾನ ಒಂದೇ. ಯಾವ ಆರ್ಡರನ್ನು ಮೊದಲು ಹಿಡಿಯಬೇಕು, ಯಾವುದನ್ನು ತಡೆದರೆ ನಡೆಯುತ್ತದೆ, ಫೋನಿನಲ್ಲಿ ಹಾರಾಡುವ ಗಿರಾಕಿಗಳಲ್ಲಿ ಬರೀ ಬಾಯಿಬಡುಕ ಯಾರು, ಸದ್ದಿಲ್ಲದೆ ಬೇರೆ ಕಂಪನಿಯ ಬಾಗಿಲು ತಟ್ಟುವವನು ಯಾರು, ಇದನ್ನು ಯಾವ ಗಣಕಕ್ಕೂ ಕಲಿಸಲು ಆಗಿರಲಿಲ್ಲ. ಉತ್ಪಾದನಾ ಯೋಜನೆಯ ಮುಖ್ಯಸ್ಥರಾದ ಯಲಿಗಾರರು ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತ ಬಂದಿದ್ದರು. ಮಾಡಿ ಮಾಡಿ ಸಾಕಾಗಿತ್ತು ಎಂದರೆ ಹೆಚ್ಚು ಸರಿ. ಗಾಣದೆತ್ತಿಗಾದರೂ ಎಣ್ಣೆ ಮುಗಿದ ಮೇಲೆ ನೊಗ ಬಿಚ್ಚುತ್ತಾರೆ. ಯಲಿಗಾರರ ನಿವೃತ್ತಿ ಮಾತ್ರ ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು.

ಮುಂದಕ್ಕೆ ಹಾಕಿದವನು ಕಂಪನಿಯ ಯಜಮಾನ ವಿಶ್ವಜಿತ ಕಮಡೊಳ್ಳಿ. ಮೂರನೆಯ ತಲೆಮಾರಿನ ಹುಡುಗ, ಯಲಿಗಾರರ ಕೈಬೆರಳು ಹಿಡಿದು ಕಾರ್ಖಾನೆ ಸುತ್ತಿದವನು. ಗದರಿಸುವ ಸ್ವಭಾವದವನಲ್ಲ. ಗದರಿಸಿದ್ದರೆ ಇವರು ಎಂದೋ ಎದ್ದು ಹೋಗುತ್ತಿದ್ದರೇನೋ. ಅವನು "ಕಾಕಾ" ಎಂದು ಕರೆದು, ಪಕ್ಕದಲ್ಲಿ ಕುಳಿತು, ನೀವು ಹೋದರೆ ನಿಮ್ಮ ತಲೆಯಲ್ಲಿರುವುದೂ ಹೋಗುತ್ತದಲ್ಲ ಎಂದು ಮುಖ ಸಣ್ಣಗೆ ಮಾಡುತ್ತಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು. ಈ ಸಲ ಕರಾರು ಸ್ಪಷ್ಟವಾಗಿತ್ತು: ಯಲಿಗಾರರ ಅನುಭವ ಆರು ಜನ ಎಳೆಯ ಎಂಜಿನಿಯರುಗಳ ತಲೆಗೆ ಹೋಗಿ ಕೂಡಬೇಕು, ಅವರು ಕೆಲಸ ಸಂಭಾಳಿಸಿ ತೋರಿಸಬೇಕು, ಮರುದಿನವೇ ಯಲಿಗಾರರಿಗೆ ಬಿಡುಗಡೆ. ಹಾಗಾಗಿ ಆ ಯಂತ್ರ ಗೆಲ್ಲಲಿ ಎಂದು ಅದನ್ನು ಕಂಡುಹಿಡಿದವರಿಗಿಂತ ಹೆಚ್ಚಾಗಿ ಯಲಿಗಾರರೇ ದೇವರಿಗೆ ಕೈ ಮುಗಿಯುತ್ತಿದ್ದರು. ಮನೆಯಲ್ಲಿ ಇದ್ದದ್ದು ಇಬ್ಬರೇ, ಅವರು ಮತ್ತು ಹೆಂಡತಿ ಕಸ್ತೂರಿ. ಮಕ್ಕಳಾಗಿರಲಿಲ್ಲ. ಕಸ್ತೂರಿ ಮೊದಮೊದಲು ಯಾವಾಗ ಬಿಡುಗಡೆ ಎಂದು ಕೇಳುತ್ತಿದ್ದರು, ಈಗ ಕೇಳುವುದನ್ನು ಬಿಟ್ಟಿದ್ದರು.

ಕಂಡುಹಿಡಿದವರು ಧಾರವಾಡದ ಡಾ. ಮಂದಾಕಿನಿ ಇನಾಮದಾರ. ಆಕೆಗೆ ವಿವರಿಸುವುದೆಂದರೆ ಹಬ್ಬ. ಅರಿವಿನಲ್ಲಿ ಎರಡು ಬಗೆಯಂತೆ. ಹೇಳಿ ಕಲಿಸಬಹುದಾದದ್ದು ವ್ಯಕ್ತಜ್ಞಾನ, ಹೇಳಲು ಬಾರದೆ ಒಳಗೇ ಕುಳಿತದ್ದು ಸುಪ್ತಜ್ಞಾನ. ಕಂಪನಿಗಳು ಎಷ್ಟೋ ವರ್ಷ ಮೊದಲನೆಯ ಬಗೆಯನ್ನೇ ಗಣಕಗಳಲ್ಲಿ ತುಂಬಿಟ್ಟು, ನಮ್ಮ ಜ್ಞಾನಭಂಡಾರ ಎಂದು ಬೀಗುತ್ತಿದ್ದವು. ಹಿರಿಯರು ನಿವೃತ್ತರಾದ ಮರುದಿನ ನೋಡಿದರೆ ಭಂಡಾರ ಇತ್ತು, ಕೆಲಸ ನಿಂತಿತ್ತು. ಅನುಭವಗ್ರಾಹಿ ಹಿಡಿಯುವುದು ಎರಡನೆಯ ಬಗೆಯನ್ನು. ಒಬ್ಬರ ತಲೆಯಿಂದ ಹಿಡಿದು ಇನ್ನೊಬ್ಬರ ತಲೆಗೆ ಹಚ್ಚುತ್ತದೆ. ಕೊಟ್ಟವರಿಗೆ ಏನೂ ಕಡಿಮೆಯಾಗುವುದಿಲ್ಲ.

"ಕೆಲಸದ್ದಷ್ಟ ತಗೊಳ್ತೀವ್ರಿ. ಮನೀ ವಿಚಾರ ನಮಗ್ಯಾಕ ಬೇಕು?" ಎಂದರು ಮಂದಾಕಿನಿ.

"ಕೆಲಸದ್ದು ಯಾವುದು, ಮನೀದು ಯಾವುದು ಅಂತ ಇದಕ್ಕ ಹೆಂಗ ಗೊತ್ತಾಗ್ತೈತ್ರಿ ಡಾಕ್ಟರ್ರ?"

ಆಕೆಗೆ ಈ ಪ್ರಶ್ನೆ ಬಹಳ ಸೇರಿತು. ಪ್ರತಿಯೊಂದು ನೆನಪಿಗೂ ಅದು ಹುಟ್ಟಿದ ಜಾಗದ ಗುರುತು ಅಂಟಿಕೊಂಡಿರುತ್ತದೆ, ಅದಕ್ಕೆ ಸ್ಥಳಮುದ್ರೆ ಎಂದು ಹೆಸರು. ಕಾರ್ಖಾನೆಯ ಗೇಟಿನ ಒಳಗೆ ಹುಟ್ಟಿದ ಯೋಚನೆಯನ್ನು ಯಂತ್ರ ಕೆಲಸದ್ದೆಂದು ತೆಗೆದುಕೊಳ್ಳುತ್ತದೆ, ಗೇಟಿನ ಹೊರಗಿನದನ್ನು ಮುಟ್ಟುವುದಿಲ್ಲ. ಇದಕ್ಕಿಂತ ಸರಳವಾದ ಸೋಸಣಿಗೆ ಇಲ್ಲ ಎಂದು ಆಕೆ ಹೆಮ್ಮೆಯಿಂದ ಹೇಳಿದರು.

"ಹಂಗಾದ್ರ ಚಿಂತಿಲ್ಲ ಬಿಡ್ರಿ," ಎಂದರು ಯಲಿಗಾರರು. "ನಾ ಗೇಟಿನ ಹೊರಗ ಇದ್ದದ್ದರ ಯಾವಾಗ."

ಮಂದಾಕಿನಿ ಇದನ್ನು ಚೇಷ್ಟೆ ಎಂದುಕೊಂಡು ನಕ್ಕರು. ವಿಜ್ಞಾನಿಗಳಿಗೆ ದೊಡ್ಡ ಸಂಗತಿಗಳು ಬೇಗ ತಿಳಿಯುತ್ತವೆ, ಸಣ್ಣವು ತಿಳಿಯುವುದು ಸ್ವಲ್ಪ ತಡ.

ಮಳೆಗಾಲ ಮುಗಿಯುವುದರೊಳಗೆ ಆರು ಜನಕ್ಕೂ ಯಲಿಗಾರರ ಅನುಭವ ಹತ್ತಿಕೊಂಡಿತು. ಅವರಲ್ಲಿ ಚುರುಕಾದವಳು ತಬಸ್ಸುಮ್ ನದಾಫ್, ಗದುಗಿನ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಟೊಪ್ಪಿಗೆ ತೆಗೆದ ವಾರದಲ್ಲೇ ಅವಳು ವಿಜಯಪುರದ ಗಿರಾಕಿಯೊಬ್ಬನ ಕೂಗಾಟವನ್ನು ಕೇಳಿ, ಫೋನನ್ನು ಮೇಜಿನ ಮೇಲಿಟ್ಟು ಚಹಾ ಕುಡಿದು, ಅವನು ತಣ್ಣಗಾದ ಮೇಲೆ ಎತ್ತಿಕೊಂಡು, ಮುಂದಿನ ಸೋಮವಾರ ಕಳಿಸುತ್ತೇವೆ ಎಂದಳು. ಅವನು ಒಪ್ಪಿದ. ಥೇಟ್ ಯಲಿಗಾರರ ರೀತಿ. ಆರೂ ಜನ ಹಾಗೆಯೇ ಆದರು. ತಡವಾದ ಆರ್ಡರುಗಳು ಸರಿದಾರಿಗೆ ಬಂದವು, ಕೈಬಿಟ್ಟು ಹೋಗಿದ್ದ ಗಿರಾಕಿಗಳು ತಿರುಗಿ ಬಂದರು. ವಿಶ್ವಜಿತ ಸಭೆ ಕರೆದು, ಯಲಿಗಾರರಿಗೆ ಶಾಲು ಹೊದಿಸಿ, ಇಂದಿನಿಂದ ಕಂಪನಿಯಲ್ಲಿ ಏಳು ಜನ ಕಾಕಾ ಇದ್ದಾರೆ ಎಂದು ಭಾಷಣ ಮಾಡಿದ. ದೀಪಾವಳಿಯ ಹೊತ್ತಿಗೆ ಬಿಡುಗಡೆ ಎಂದು ಎಲ್ಲರೆದುರು ಹೇಳಿದ. ಯಲಿಗಾರರು ಮನೆಗೆ ಹೋಗಿ ಹೆಂಡತಿಗೆ ಶಾಲು ಕೊಟ್ಟರು. ಕಸ್ತೂರಿ ಅದನ್ನು ಮಡಚಿ, ಹಿಂದಿನ ಎರಡು ಶಾಲುಗಳ ಮೇಲೆ ಇಟ್ಟರು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರಲ್ಲ, ಇಲ್ಲಿ ಆದದ್ದೂ ಅದೇ. ಐದೂವರೆಯಾಯಿತೆಂದರೆ ಆರೂ ಜನ ಎದ್ದು ಮನೆಗೆ ಹೋಗತೊಡಗಿದರು. ಜಗಳವಿಲ್ಲ, ಘೋಷಣೆಯಿಲ್ಲ. ಪರದೆ ಆರಿಸುವುದು, ಡಬ್ಬಿ ಚೀಲಕ್ಕೆ ಹಾಕುವುದು, ಹೋಗುವುದು. ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಭಾನುವಾರ ಕರೆದರೆ ಬರಲೊಲ್ಲೆ ಎಂದರು. ಕೇಳಿದರೆ, ಸಂಜೆ ಮೇಲೆ ಮಾಡಿದ ಯೋಜನೆಯನ್ನು ಬೆಳಿಗ್ಗೆ ಅಳಿಸಿ ಮತ್ತೆ ಮಾಡಬೇಕಾಗುತ್ತದೆ, ಇದು ಅನುಭವದ ಮಾತು ಎಂದರು. ಇದೇ ಮಾತನ್ನು ಯಲಿಗಾರರು ಎಷ್ಟೋ ವರ್ಷ ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಶಂಖದಿಂದ ಬಿದ್ದರೆ ತೀರ್ಥ! ಈಗ ಅದು ಯಂತ್ರದಿಂದ ಬಂದಿತ್ತು, ಅಲ್ಲಗಳೆಯುವ ಹಾಗಿರಲಿಲ್ಲ.

ಅಲ್ಲಗಳೆಯದಿದ್ದರೇನು, ಕೆಲಸ ನಿಲ್ಲುತ್ತದೆಯೇ? ಗೆದ್ದ ಹುರುಪಿನಲ್ಲಿ ವಿಶ್ವಜಿತ ಎರಡು ಪಟ್ಟು ಆರ್ಡರು ಹಿಡಿದು ಕುಳಿತಿದ್ದ. ಸಂಜೆಯ ಮೇಲೆ ಉಳಿದ ಕೆಲಸಕ್ಕೆಲ್ಲ ಯಲಿಗಾರರೊಬ್ಬರೇ ದಿಕ್ಕಾದರು. ದೀಪಾವಳಿ ಬಂತು, ಹೋಯಿತು. ಖಾಲಿ ಮೇಜುಗಳ ನಡುವೆ ಕುಳಿತ ಯಲಿಗಾರರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ಅವರು ತಮ್ಮೊಬ್ಬರ ಕೆಲಸ ಮಾಡುತ್ತಿದ್ದರು, ಈಗ ಇನ್ನೂ ಆರು ಜನ ಯಲಿಗಾರರು ಬಿಟ್ಟದ್ದನ್ನೂ ಮಾಡಬೇಕಾಗಿತ್ತು.

ಬಳ್ಳಾರಿಯ ದೊಡ್ಡ ಆರ್ಡರೊಂದು ಕೈತಪ್ಪುವ ಹಾಗಾದಾಗ ವಿಶ್ವಜಿತ ಮಂದಾಕಿನಿಯವರನ್ನು ಕರೆಸಿದ. ತಬಸ್ಸುಮ್‌ಳನ್ನೂ ಯಲಿಗಾರರನ್ನೂ ಎದುರಿಗೆ ಕೂರಿಸಿಕೊಂಡ. ಈ ಮನೆಗೆ ಹೋಗುವ ಚಾಳಿ ಯಂತ್ರದಿಂದಲೇ ಬಂದಿದ್ದು, ಅಷ್ಟನ್ನು ಮಾತ್ರ ಕೆರೆದು ತೆಗೆಯಿರಿ ಎಂದ.

ಆಗುವುದಿಲ್ಲ ಎಂದರು ಮಂದಾಕಿನಿ. ಸುಪ್ತಜ್ಞಾನ ತಲೆಯಲ್ಲಿ ಬಿಡಿಬಿಡಿಯಾಗಿ ನಿಲ್ಲುವುದಿಲ್ಲ, ಆಯಾ ಹೊತ್ತಿನ ಭಾವನೆ ಅದನ್ನು ಹಿಡಿದಿಟ್ಟಿರುತ್ತದೆ. ಅದಕ್ಕೆ ಭಾವಲೇಪ ಎನ್ನುತ್ತಾರೆ. ಶೇಂಗಾ ಉಂಡೆಯಿಂದ ಬೆಲ್ಲ ತೆಗೆದರೆ ಉಂಡೆ ಉಳಿಯುತ್ತದೆಯೇ? ಇಷ್ಟು ಹೇಳಿ ಆಕೆ ತಬಸ್ಸುಮ್ ಕಡೆ ತಿರುಗಿ, ಐದೂವರೆಗೆ ನಿನಗೆ ಏನಾಗುತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದರು.

ಹುಡುಗಿ ಯಲಿಗಾರರ ಮುಖ ನೋಡಿ ತಡೆದಳು. ಆಮೇಲೆ ನೆಲ ನೋಡುತ್ತ ಹೇಳಿದಳು.

"ಒಂದ್ ಮನಿ ಕಾಣ್ತೈತಿ. ನಮ್ಮನಿ ಅಲ್ಲ. ಉಣ್ಣಾಕ ಹಾಕಿದ್ದ ತಾಟಿನ ಮ್ಯಾಲೆ ಇನ್ನೊಂದು ತಾಟು ಬೋರಲ ಹಾಕಿರ್ತಾರ. ಬಾಜೂಕ ಒಬ್ರು ಗ್ವಾಡಿಗೆ ಒರಗಿ ಕುಂತಲ್ಲೇ ನಿದ್ದಿ ಹತ್ತಿರ್ತಾರ. ಅವರೂ ಉಂಡಿರೂದಿಲ್ಲ. ಅವರನ್ನ ನೋಡಿದ ಮ್ಯಾಲೆ ಇಲ್ಲೆ ಕುಂಡ್ರಾಕ ಆಗೂದಿಲ್ರಿ. ನನಗಷ್ಟ ಅಲ್ಲ, ಆರೂ ಮಂದಿಗೆ ಹಂಗ ಆಗ್ತೈತಿ. ಸರ್, ಕಾಕೂ ಆರಾಮ ಅದಾರೇನ್ರಿ?"

ಕಸ್ತೂರಿ ಹೀಗೆ ಉಣ್ಣದೆ ಕಾಯುವುದನ್ನು ಯಲಿಗಾರರು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿದವರಲ್ಲ. ಆದರೆ ಈ ಕುರ್ಚಿಯಲ್ಲಿ ಕುಳಿತು, ಕೈಯಲ್ಲಿ ಗಿರಾಕಿಯ ಫೋನು ಹಿಡಿದು, ಒಂದು ಸಂಜೆಯೂ ಬಿಡದೆ ನೆನೆದದ್ದು ಅದನ್ನೇ. ಕಾರ್ಖಾನೆಯ ಒಳಗೆ ಕುಳಿತವನು ಕಾರ್ಖಾನೆಯ ವಿಚಾರವನ್ನೇ ಮಾಡುತ್ತಾನೆ ಎಂದು ಯಂತ್ರ ನಂಬಿತ್ತು. ನಾಚಿಕೆಯಿಂದ ಅವರ ಮುಖ ಬಿಸಿಯಾಯಿತು. ಆರಾಮ ಇದ್ದಾಳೆ ಎಂದು ಹೇಗೋ ಗೊಣಗಿದರು.

ಮಂದಾಕಿನಿ ತಮ್ಮ ಪುಸ್ತಕ ತೆಗೆದು, ಸ್ಥಳಮುದ್ರೆ ಎಂದು ಬರೆದು ಅದರ ಕೆಳಗೆ ಗೆರೆ ಎಳೆದರು. ವಿಶ್ವಜಿತನಿಗೆ ಒಗಟು ಬೇರೆಯೇ ಇತ್ತು. ಇದೆಲ್ಲ ಕಾಕಾನ ತಲೆಯಲ್ಲೂ ಇದೆ, ಮೂವತ್ತು ವರ್ಷದಿಂದ ಇದೆ. ಮತ್ತೆ ಅವರು ಹೇಗೆ ಕೂತಿರುತ್ತಾರೆ ಎಂದು ಕೇಳಿದ.

"ತಿಳುವಳಿಕಿ ತಲ್ಯಾಗ ಇರತೈತ್ರಿ, ರೂಢಿ ಮೈಯಾಗ," ಎಂದರು ಮಂದಾಕಿನಿ. "ನಮ್ಮ ಯಂತ್ರಕ್ಕ ತಿಳುವಳಿಕಿ ಅಷ್ಟ ದಾಟಸಾಕ ಬರತೈತಿ. ಈ ಹುಡುಗೂರಿಗೆ ಯಲಿಗಾರರಿಗೆ ಗೊತ್ತಿದ್ದದ್ದೆಲ್ಲಾ ಗೊತ್ತೈತಿ. ಕುಂತ ರೂಢಿ ಒಂದ ಇಲ್ಲ."

ವಿಶ್ವಜಿತ ಸ್ವಲ್ಪ ಹೊತ್ತು ಬೆರಳು ಮುರಿದುಕೊಂಡ. ಅವನು ಕೆಟ್ಟವನಲ್ಲ, ಬಳ್ಳಾರಿಯ ಆರ್ಡರು ಹೋದರೆ ಅದನ್ನು ನಂಬಿ ತೆರೆದ ಹೊಸ ಘಟಕ ಮುಚ್ಚಬೇಕಾಗುತ್ತದೆಂಬ ಹೆದರಿಕೆ ಅವನದು. ಕೊನೆಗೆ ಎದ್ದು ಬಂದು ಯಲಿಗಾರರ ಭುಜದ ಮೇಲೆ ಕೈಯಿಟ್ಟ.

"ಕಾಕಾ, ಇದೊಂದ ಆರ್ಡರ್ ದಾಟಿಸಿಬಿಡ್ರಿ. ಇವತ್ತ ನೀವ ಕುಂಡ್ರಬೇಕು. ನಿಮ್ಮ ನಿವೃತ್ತಿ ಯುಗಾದಿಗೆ ನೋಡೂಣು."

ಇಲ್ಲ ಎನ್ನಬೇಕೆಂದು ಯಲಿಗಾರರ ಒಳಗಿದ್ದದ್ದೆಲ್ಲ ಕೂಗುತ್ತಿತ್ತು. ಹುಡುಗಿ ಅವರನ್ನೇ ನೋಡುತ್ತಿದ್ದಳು. ಇಲ್ಲ ಎಂಬ ಮಾತು ಗಂಟಲವರೆಗೂ ಬಂದಿತ್ತು.

"ಆತ್ರಿ ಸಾವ್ಕಾರ್ರ," ಎಂದಿತು ಬಾಯಿ.

ಐದೂವರೆಗೆ ಆರೂ ಜನ ಎದ್ದರು. ಎಂದಿನಂತೆ ಹೋಗಿಬರುತ್ತೇವೆ ಎನ್ನಲಿಲ್ಲ, ಬಾಗಿಲ ಬಳಿ ನಿಂತು ತಮ್ಮತಮ್ಮಲ್ಲೇ ಏನೋ ಪಿಸುಗುಟ್ಟಿ ಹೋದರು. ಯಲಿಗಾರರು ಬಳ್ಳಾರಿಯ ಯೋಜನೆಯನ್ನು ತೆರೆದರು. ಎರಕದ ಸರದಿ ಬದಲಿಸಿದರು, ಕೊಪ್ಪಳದ ಗಿರಾಕಿಗೆ ಫೋನು ಮಾಡಿ ಎರಡು ದಿನ ತಡೆಯಿರಿ ಎಂದು ಬೇಡಿಕೊಂಡರು. ಕಣ್ಣು ಉರಿಯುತ್ತಿತ್ತು. ಕೆಲಸ ಅರ್ಧಕ್ಕೆ ಬಂದಿರಬೇಕು, ಮನೆಯಿಂದ ಕರೆ ಬಂತು. ಕಸ್ತೂರಿ ತಾವಾಗಿ ಕರೆ ಮಾಡುವವರಲ್ಲ. ಏನಾಯಿತೋ ಎಂದು ಗಾಬರಿಯಾಗಿ ಎತ್ತಿದರು.

"ಏನ್ರಿ, ನಿಮ್ಮ ಆಫೀಸಿನ ಹುಡುಗೂರು ಬಂದಾರ. ಆರು ಮಂದಿ."

ಯಾಕೆ ಬಂದರು ಎಂದು ಕೇಳಿದರು. ಕಸ್ತೂರಿಗೂ ಗೊತ್ತಿರಲಿಲ್ಲ. ತಬಸ್ಸುಮ್ ಬಾಗಿಲಲ್ಲಿ ನಿಂತು ತಮ್ಮ ಮುಖ ನೋಡಿದ್ದೇ ಗೊಳೋ ಎಂದು ಅತ್ತಳಂತೆ. ಆಮೇಲೆ ಕಣ್ಣೊರೆಸಿಕೊಂಡು, ಯಾರೂ ತೋರಿಸದೆ ಅಡುಗೆಮನೆಗೆ ಹೋಗಿ, ಎಷ್ಟೋ ವರ್ಷ ಈ ಮನೆಯಲ್ಲೇ ಇದ್ದವಳ ಹಾಗೆ ತಾಟು ಹುಡುಕಿ ತಂದಳಂತೆ. ಇನ್ನೊಬ್ಬ ಹುಡುಗ ತಮ್ಮನ್ನು ಕೈ ಹಿಡಿದು ನಡುವೆ ಕೂರಿಸಿ, ಬಹಳ ತಡ ಆಯ್ತು ಕಾಕೂ, ತಪ್ಪಾತು ಎಂದನಂತೆ. ಹುಚ್ಚು ಹುಡುಗರು ಎಂದು ಕಸ್ತೂರಿ ನಗುತ್ತಿದ್ದರು. ಹಿಂದಿನಿಂದ ಪಾತ್ರೆಯ ಸದ್ದು, ಯಾರೋ ಇನ್ನೊಂದು ರೊಟ್ಟಿ ಕೇಳುವ ದನಿ, ಎಲ್ಲರೂ ಕೂಡಿ ನಕ್ಕದ್ದು ಕೇಳಿಸಿತು. ಹೆಂಡತಿ ಹೀಗೆ ನಕ್ಕದ್ದನ್ನು ಕೊನೆಯ ಸಲ ಯಾವಾಗ ಕೇಳಿದ್ದೆ ಎಂದು ಯಲಿಗಾರರು ನೆನೆಯಲು ನೋಡಿದರು, ನೆನಪಾಗಲಿಲ್ಲ.

"ನಾನೂ ಬಂದೆ. ಈಗ ಹೊಂಟೆ," ಎಂದರು. ನಿಜವಾಗಿಯೂ ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಅವಸರ ಮಾಡಬ್ಯಾಡ್ರಿ, ಕೆಲಸ ಮುಗಿಸಿಕೊಂಡ ಬರ್ರಿ," ಎಂದರು ಕಸ್ತೂರಿ. "ನನ್ನ ಊಟ ಆತು."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಆಕೆ ಸಂತೋಷವಾಗಿದ್ದರು, ಅಷ್ಟೇ. ಮದುವೆಯಾದಾಗಿನಿಂದ ಆ ಬಾಯಿಂದ ಯಲಿಗಾರರು ಈ ಮಾತು ಕೇಳಿರಲಿಲ್ಲ.

ಕರೆ ಮುಗಿಯಿತು. ಅವರು ಫೋನನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ನಿಂತೇ ಇದ್ದರು. ಎದ್ದು ಹೋಗಲು ಈಗ ಯಾರ ಅಡ್ಡಿಯೂ ಇರಲಿಲ್ಲ. ಬೇಗ ಹೋಗಲು ಇದ್ದ ಒಂದೇ ಒಂದು ಕಾರಣ ಮಾತ್ರ ಊಟ ಮುಗಿಸಿ ಕೈ ತೊಳೆದುಕೊಂಡಿತ್ತು. ಯಲಿಗಾರರು ನಿಧಾನವಾಗಿ ಕುಳಿತು, ಬಳ್ಳಾರಿಯ ಯೋಜನೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದರು.