ಹಾಸುಗಿಡ ಮತ್ತು ತೊಟ್ಟಿಲ ಗುಂಡುಕಲ್ಲು

ಬಹಳ ಹಿಂದೆ, ಉಡಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹವಳಗಿರಿ ಎಂಬ ರಾಜ್ಯವಿತ್ತು. ಅಲ್ಲೊಂದು ಬೋಳುಗುಡ್ಡ. ಗುಡ್ಡದಲ್ಲಿ ಒಣಕಾಲನೆಂಬ ಮಾಟಗಾರ. ಬರೀ ಮಣ್ಣಿನ ಮೇಲಷ್ಟೇ ಅವನ ಕಾಲು ನಿಲ್ಲುತ್ತಿತ್ತು. ಅದಕ್ಕೇ ಅಲ್ಲಿ ಒಂದು ಗರಿಕೆಯನ್ನೂ ಅವನು ಉಳಿಸಿರಲಿಲ್ಲ.

ಗುಡ್ಡದ ಬುಡದಲ್ಲಿ ನೀಲವ್ವನ ಮನೆ. ಮಗಳಿಗೆ ಹೆಸರಿಡುವ ದಿನ, ವಾಡಿಕೆಯಂತೆ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿಟ್ಟು ತೂಗಿ, ಕೂಸನ್ನೆತ್ತಿಕೊಳ್ಳಲು ತಿರುಗಿದಳು. ಕೂಸಿರಲಿಲ್ಲ. ಗುಡ್ಡದೊಳಗಿಂದ ಅಳು ಕೇಳಿತು.

"ಕಲ್ಲನ್ನು ತೂಗಿದೆಯಲ್ಲ, ಅದನ್ನೇ ಸಾಕಿಕೋ!" ಎಂದು ಒಣಕಾಲ ನಕ್ಕ.

"ನಿನ್ನ ತಾಯಿ ಹಾಗೇ ಮಾಡಿರಬೇಕು, ಅದಕ್ಕೇ ಹೀಗಿದ್ದೀಯ!" ಎಂದಳು ನೀಲವ್ವ. ಬಾಯಿ ಗೆದ್ದಿತು, ಮಡಿಲು ಬರಿದಾಗಿತ್ತು.

ಬಿರುಕಿನಿಂದ ಮುದಿ ಉಡವೊಂದು ಬಂದು ಮೂರು ಸಸಿ ಕೊಟ್ಟಿತು. "ಇದು ಹಾಸುಗಿಡ. ಎಲೆ ಉದುರಿಸುವುದಿಲ್ಲ, ಕೆಂಪು ಹಣ್ಣು ಬಿಡುತ್ತದೆ. ಗುಡ್ಡಕ್ಕೆಲ್ಲ ಇದನ್ನು ಹೊದಿಸು. ಅವನಿಗೆ ನಿಲ್ಲಲು ನೆಲವಿರದು, ಗುಡ್ಡ ನಿನ್ನ ಕೂಸನ್ನು ಬಿಟ್ಟುಕೊಡುತ್ತದೆ."

ಮೊದಲ ಸಸಿ ನೆಟ್ಟಾಗ ಅತ್ತೆ ಗದರಿದಳು. "ಗಿಡಕ್ಕೆ ಊರುಗೋಲು ಕೊಡಬಾರದೇನೇ? ನೆಲಕ್ಕೆ ಬಿದ್ದಿದೆ!" ನೀಲವ್ವ ಕೋಲು ನೆಟ್ಟು ಕಟ್ಟಿದಳು. ಒಣಕಾಲ ಊದಿದ. ಗಿಡ ಮುರಿಯಿತು.

ಎರಡನೆಯದನ್ನು ಇನ್ನೂ ಬಿಗಿಯಾಗಿ ಕಟ್ಟಿದಳು. ಮಳೆಗೆ ಮಣ್ಣು ಜಾರಿ, ಕೋಲು ಗಿಡ ಎರಡೂ ಕೊಚ್ಚಿಹೋದವು.

ಮೂರನೆಯದನ್ನು ನೆಡುವ ಹೊತ್ತಿಗೆ ಅವಳ ಎದೆಹಾಲು ಬತ್ತಿತ್ತು. ಗುಡ್ಡದೊಳಗಿನ ಅಳುವೂ ನಿಂತಿತ್ತು. ಅವಳಿಗೆ ಕೋಲು ಹುಡುಕುವ ಮನಸ್ಸಾಗಲಿಲ್ಲ. ಮಗುವಿನಂತೆ ಹೊತ್ತು ತಿರುಗುತ್ತಿದ್ದ ಗುಂಡುಕಲ್ಲನ್ನು ಸಸಿಯ ಕೊಂಬೆಯ ಮೇಲೆ ಹೇರಿ, "ನೀನೂ ಸಾಯಿ," ಎಂದು ಪಕ್ಕದಲ್ಲೇ ಮಲಗಿಬಿಟ್ಟಳು.

ಅತ್ತೆ ದಿನವೂ ಬಂದು ಅವಳ ಬಾಯಿಗೆ ಗಂಜಿ ಹಾಕಿ ಹೋಗುತ್ತಿದ್ದಳು. ಒಂದು ದಿನ ಕಲ್ಲನ್ನು ಸರಿಸಲು ಹೋಗಿ ಕೂಗಿದಳು. "ನೀಲೀ, ಇಲ್ಲಿ ಬೇರು ಬಿಟ್ಟಿದೆ ಕಣೇ!"

ನೀಲವ್ವ ನೋಡಿದಳು. ಕೊಂಬೆ ಮಣ್ಣು ಮುಟ್ಟಿದಲ್ಲೆಲ್ಲ ಬೇರು. "ಇದು ನಿಲ್ಲುವ ಗಿಡವಲ್ಲ ಅತ್ತೆ, ಮಲಗುವ ಗಿಡ. ಕಲ್ಲು ತನ್ನಿ!"

ಕೊಂಬೆ ಬಾಗಿಸಿದರು, ಕಲ್ಲು ಹೇರಿದರು. ಮತ್ತೆ ಬಾಗಿಸಿದರು, ಮತ್ತೆ ಹೇರಿದರು. ತಿಂಗಳುಗಳು ಉರುಳಿದಂತೆ ಹಸಿರು ಗುಡ್ಡವನ್ನು ಹತ್ತಿತು. ಕೊನೆಗೆ ಅಂಗೈಯಗಲ ಮಣ್ಣಿನ ಮೇಲೆ ಒಂಟಿಕಾಲಲ್ಲಿ ನಿಂತು ಒಣಕಾಲ ಬೇಡಿದ: "ತಾಯೀ, ಇಷ್ಟಾದರೂ ಬಿಡು."

"ನನ್ನ ಮಡಿಲಲ್ಲಿ ಇಷ್ಟಾದರೂ ಬಿಟ್ಟೆಯಾ?" ಎಂದು ನೀಲವ್ವ ಕೊನೆಯ ಕೊಂಬೆ ಬಾಗಿಸಿ, ಗುಂಡುಕಲ್ಲನ್ನಿಟ್ಟಳು. ಅವನು ಧೂಳಾಗಿ ಹೋದ.

ಗುಡ್ಡ ಬಾಯಿ ತೆರೆಯಿತು. ಹೋದದ್ದು ತೊಟ್ಟಿಲ ಕೂಸು, ಬಂದದ್ದು ನಡೆಯುವ ಮಗು. ತಾಯಿಯ ಗುರುತು ಸಿಗದೆ ಅದು ಅತ್ತಿತು. ನೀಲವ್ವ ಬಗ್ಗಿ, ಅವತ್ತು ಹೇಳದೆ ಉಳಿದ ಹೆಸರನ್ನು ಅದರ ಕಿವಿಯಲ್ಲಿ ಉಸುರಿದಳು. ಮಗು ಅಳು ನಿಲ್ಲಿಸಿ, ಒಂದು ಕೆಂಪು ಹಣ್ಣು ಕಿತ್ತು ಅವಳ ಕೈಗಿಟ್ಟಿತು.

ಹವಳಗಿರಿಯಲ್ಲಿ ಆಮೇಲೆ ಯಾವ ತೊಟ್ಟಿಲೂ ಬರಿದಾಗಲಿಲ್ಲ. ಎಲ್ಲರೂ ಸುಖವಾಗಿದ್ದರು. ನೀಲವ್ವ ಮಾತ್ರ, ಎಲ್ಲಾದರೂ ಬರೀ ಮಣ್ಣು ಕಂಡರೆ, ಇವತ್ತಿಗೂ ಕೊಂಬೆ ಬಾಗಿಸುತ್ತಾಳಂತೆ.