ಕೋವಿಗೆ ಕಟ್ಟಿದ ಅರಿಶಿನ

"ಎಲ್ಲದಕ್ಕೂ ಅರಿಶಿನ-ಕುಂಕುಮ ಇಡು ಮೋಹನ. ಅದೊಂದಕ್ಕೆ ಮಾತ್ರ ಬರೀ ವಿಭೂತಿ."

ಬಸ್ಸಿಗೆ ಹೊತ್ತಾಯಿತೆಂದು ಚೀಲವನ್ನು ಹೆಗಲಿಗೇರಿಸಿಕೊಂಡೇ ಗಂಗಹನುಮಯ್ಯ ಈ ಮಾತು ಹೇಳಿದರು. ಅದೊಂದು ಎಂದರೆ ಗೋಡೆಯ ಎರಡು ಗೂಟಗಳ ಮೇಲೆ ಅಡ್ಡಲಾಗಿ ಮಲಗಿದ್ದ ಹಳೆಯ ತ್ರೀ ನಾಟ್ ತ್ರೀ ರೈಫಲ್ಲು. ಯಾಕೆ ಹಾಗೆ ಎಂದು ಮೋಹನ್‌ಕುಮಾರ್ ಕೇಳಿದ. ಹೊಸ್ತಿಲು ದಾಟಿದ ಮೇಲೆ, ಒಳಗಿನವರಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ, "ಅದು ಗಂಡ ಸತ್ತೋಳು ಕಣಪ್ಪ. ಅರಿಶಿನ ಸೋಕಿಸ್ಬೇಡ," ಎಂದರು. ಒಳಗೆ ಆಗ ಯಾರೂ ಇರಲಿಲ್ಲ.

ಮೋಹನ್‌ಕುಮಾರನಿಗೆ ನಗು ತಡೆಯಲಾಗಲಿಲ್ಲ. ಹೆಂಗಸರಿಗೆ ಮಾಡಿದ್ದು ಸಾಲದು ಅಂತ ಕಬ್ಬಿಣಕ್ಕೂ ಮರಕ್ಕೂ ವೈಧವ್ಯ ಕಟ್ಟಿದ್ದೀರಲ್ಲ ಸಾರ್ ಎಂದು ಛೇಡಿಸಿದ. ಗಂಗಹನುಮಯ್ಯ ನಗಲಿಲ್ಲ. ಹುಲಿಯೂರುದುರ್ಗದ ತಮ್ಮ ಮನೆಗೆ ಹಬ್ಬಕ್ಕೆಂದು ಹೊರಟುಹೋದರು.

ಅವರು ಸೇನೆಯಿಂದ ನಿವೃತ್ತರಾದ ಹವಾಲ್ದಾರರು. ತುಮಕೂರಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಬಾಗಿಲು ಹಾಕಿದ್ದ ಯಾವುದೋ ಕಾರ್ಖಾನೆಯ ತಗಡಿನ ಶೆಡ್ಡನ್ನು ಬಾಡಿಗೆಗೆ ಹಿಡಿದು, ಸೇನೆಗೋ ಪೊಲೀಸಿಗೋ ಸೇರಬೇಕೆನ್ನುವ ಹುಡುಗರಿಗೆ ತರಬೇತಿ ಕೊಡುತ್ತಿದ್ದರು. ಆ ಹುಡುಗರನ್ನು ಓಡಿಸಲು, ಹಗ್ಗ ಹತ್ತಿಸಲು ಹೊಸದಾಗಿ ಸೇರಿಕೊಂಡವನು ಗುಬ್ಬಿ ಕಡೆಯ ಮೋಹನ್‌ಕುಮಾರ್. ಅವನೂ ಒಂದು ಕಾಲಕ್ಕೆ ಸೇನಾ ಭರ್ತಿಗೆ ಹೋಗಿ, ಕಿವಿಯ ದೋಷಕ್ಕೆ ಪ್ರತಿ ಸಲವೂ ವಾಪಸು ಬಂದವನೇ. ಮೂವತ್ತು ದಾಟಿ ನಾಲ್ಕು ವರ್ಷವಾಗಿತ್ತು. ಸರಿಯಾದ ಕೆಲಸವಿಲ್ಲದವನಿಗೆ ಈ ಸೀಮೆಯಲ್ಲಿ ಯಾರು ಹೆಣ್ಣು ಕೊಡುತ್ತಾರೆ? ಎಷ್ಟೋ ಮನೆಗಳಲ್ಲಿ ಉಪ್ಪಿಟ್ಟು ತಿಂದು ಕೈತೊಳೆದುಕೊಂಡು ಎದ್ದು ಬಂದಿದ್ದ. ಕೊನೆಗೆ ಕುಣಿಗಲ್‌ನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಪ್ರೇಮಲತಾ ಒಪ್ಪಿದಳು. ಕಾರ್ತಿಕದಲ್ಲಿ ಮದುವೆ. ಅವಳು ಒಪ್ಪಿದ ದಿನ ಅವನು ಶೆಡ್ಡಿನ ಹಿಂದೆ ಹೋಗಿ ಒಬ್ಬನೇ ಅತ್ತಿದ್ದ. ಅಷ್ಟು ಒಂಟಿಯಾಗಿದ್ದ ಮನುಷ್ಯ.

ಇನ್ನು ಆ ರೈಫಲ್ಲು. ನಳಿಗೆಗೆ ಬೆಸುಗೆ ಹಾಕಿ, ಗುಂಡು ಹಾರದಂತೆ ಮಾಡಿ, ಕಾಗದಪತ್ರ ಸರಿಮಾಡಿಸಿ ತಂದಿಟ್ಟಿದ್ದು. ಹುಡುಗರು ಮೊಬೈಲ್ ಆಟಗಳಲ್ಲಿ ಲೋಕದ ಹೊಸ ಬಂದೂಕುಗಳನ್ನೆಲ್ಲ ಅರೆದು ಕುಡಿದವರು. ಆದರೂ ಶೆಡ್ಡಿಗೆ ಬಂದ ಮೊದಲ ದಿನ ಅವರ ಕೈ ಹೋಗುತ್ತಿದ್ದದ್ದು ಈ ಮುದಿ ರೈಫಲ್ಲಿಗೇ. ಭುಜಕ್ಕಿಟ್ಟುಕೊಂಡ ಕೂಡಲೇ ಮುಖವೇ ಬದಲಾಗುತ್ತಿತ್ತು. ಗದ್ದೆ ಬದುವಿನಿಂದ ಎದ್ದುಬಂದ ಹುಡುಗ ಆ ಗಳಿಗೆಗೆ ದೇಶ ಕಾಯುವವನಾಗುತ್ತಿದ್ದ. ಫೋಟೋ ತೆಗೆಸಿಕೊಂಡು ಊರಿಗೆಲ್ಲ ಕಳಿಸುತ್ತಿದ್ದ. ಕೊಲ್ಲುವ ವಸ್ತು ಇಷ್ಟು ಚೆಂದ ಯಾಕಿರಬೇಕೋ ದೇವರೇ ಬಲ್ಲ. ರೈಫಲ್ಲಿನ ಮರಕ್ಕೆ ಅಗಸೆ ಎಣ್ಣೆ ಉಜ್ಜುವ ಕೆಲಸವನ್ನು ಮೋಹನ್‌ಕುಮಾರ್ ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಆಯುಧಪೂಜೆಗೆ ಹುಡುಗರೆಲ್ಲ ಊರಿಗೆ ಹೋಗಿದ್ದರು. ಅಕ್ಕಪಕ್ಕದ ಕಾರ್ಖಾನೆಗಳ ಯಂತ್ರಗಳೂ ನಿಂತಿದ್ದವು. ಒಡೆದ ಬೂದುಗುಂಬಳದ ಹಸಿ ವಾಸನೆ, ಕರ್ಪೂರದ ಹೊಗೆ. ಸೈಕಲ್ಲು, ಕಬ್ಬಿಣದ ಗುಂಡು, ಹಗ್ಗ, ಕೊನೆಗೆ ತಾನು ಊದುವ ಸೀಟಿಗೂ ಕುಂಕುಮ ಹಚ್ಚಿ ಅವನು ರೈಫಲ್ಲಿನ ಮುಂದೆ ನಿಂತ. ಎಲ್ಲವೂ ಹಳದಿ ಕೆಂಪಾಗಿ ಮಿರುಗುವಾಗ ಇದೊಂದು ಮೂಲೆ ಸೇರಿದಂತೆ ಕಂಡಿತು. ಪಾಪ ಎನ್ನಿಸಿತು. ಹಬ್ಬದ ದಿನ ಒಂಟಿಯಾಗಿ ಉಳಿಯುವುದು ಏನೆಂದು ಅವನಿಗೆ ಗೊತ್ತಿತ್ತು.

ಅರಿಶಿನ ಹಚ್ಚಿದ, ಕುಂಕುಮ ಇಟ್ಟ. ಒಂದು ಅರಿಶಿನದ ಕೊಂಬಿಗೆ ಹಳದಿ ದಾರ ಸುತ್ತಿ, ಟ್ರಿಗರಿನ ಹಿಂದೆ ಮರ ಸಣ್ಣಗಾಗುವ ಕಡೆ ಕಟ್ಟಿದ. ಕೈ ತನ್ನ ರೂಢಿಯಲ್ಲೇ ಗಂಟು ಹಾಕುತ್ತಾ ಹೋಯಿತು. ಒಂದು, ಎರಡು, ಮೂರು. ಹಾಕಿದ ಮೇಲೆ ಇದು ತಾಳಿ ಕಟ್ಟಿದ ಹಾಗಾಯಿತಲ್ಲ ಎಂದು ಅವನಿಗೇ ತಮಾಷೆಯೆನಿಸಿ, ಪಕ್ಕದಲ್ಲಿ ನಿಂತು ಫೋಟೋ ತೆಗೆದು ಪ್ರೇಮಲತಾಗೆ ಕಳಿಸಿದ. ನನ್ನ ಹಿರಿ ಹೆಂಡತಿ ಎಂದು ಕೆಳಗೆ ಬರೆದ. ನನಗಿಂತ ತೆಳ್ಳಗಿದ್ದಾಳೆ ಎಂದು ಅವಳು ಉತ್ತರ ಬರೆದಳು. ಅವನು ಇನ್ನೂ ನಗುತ್ತಿರುವಾಗಲೇ ಗೋಡೆಯ ಕಡೆಯಿಂದ ಕಟಕ್ ಎಂದು ಸದ್ದಾಯಿತು. ಗುಂಡು ತುಂಬಲು ರೈಫಲ್ಲಿನ ಬೋಲ್ಟ್ ಎಳೆದ ಸದ್ದು.

ತಗಡು ಬಿಸಿಲಿಗೆ ಹಿಗ್ಗಿರಬೇಕು ಎಂದುಕೊಂಡ. ಸಂಜೆ ರೈಫಲ್ಲನ್ನು ಮುಟ್ಟಿದರೆ ಮರ ಬೆಚ್ಚಗಿತ್ತು. ಬೆಳಿಗ್ಗೆ ಸ್ನಾನಕ್ಕೆಂದು ಅಂಗಿ ತೆಗೆದಾಗ ಬಲಭುಜದ ಮೇಲೆ ನೀಲಿಗಟ್ಟಿದ ಕಲೆ ಕಾಣಿಸಿತು. ನಿಜವಾದ ಗುಂಡು ಹಾರಿಸಿದವರ ಭುಜಕ್ಕೆ ರೈಫಲ್ಲು ಒದ್ದಾಗ ಬೀಳುವ ಕಲೆ. ಅವನು ಜನ್ಮದಲ್ಲಿ ಒಂದು ಗುಂಡೂ ಹಾರಿಸಿದವನಲ್ಲ.

ಆಮೇಲೆ ಒಬ್ಬೊಬ್ಬರಾಗಿ ಜನ ಸರಿದುಹೋದರು. ಹಬ್ಬ ಮುಗಿಸಿ ಬಂದ ಹುಡುಗರು ಶೆಡ್ಡಿನಲ್ಲಿ ಮಲಗಲು ಒಲ್ಲೆವೆಂದು ಬೇರೆ ರೂಮು ಹಿಡಿದರು. ಅರಿಶಿನದ ವಾಸನೆ ಸಾರ್, ತಲೆನೋವು ಬರುತ್ತೆ ಎಂದರು. ಟೀ ಅಂಗಡಿಯವನು ಕೇಳದೆಯೇ ಅವನ ಮುಂದೆ ಎರಡು ಲೋಟ ಇಟ್ಟು, ಪಕ್ಕದ ಖಾಲಿ ಜಾಗ ನೋಡಿ ಕಣ್ಣುಜ್ಜಿಕೊಂಡ. ಪ್ರೇಮಲತಾಳನ್ನು ನೋಡಲು ಕುಣಿಗಲ್ ಬಸ್ಸು ಹತ್ತಿದರೆ ಕಾಲಿಡಲೂ ಜಾಗವಿಲ್ಲದ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಮಾತ್ರ ಖಾಲಿ. ಮಗು ಎತ್ತಿಕೊಂಡವಳೂ ಕೂರಲಿಲ್ಲ. ಕಂಡಕ್ಟರ್ ಬಂದು, ಎರಡಾ ಸಾರ್, ಎಂದು ಕೇಳಿ, ಅವನು ಬಾಯಿ ಬಿಡುವಷ್ಟರಲ್ಲಿ ಎರಡು ಟಿಕೆಟ್ ಹರಿದು ಕೊಟ್ಟ.

ಕುಣಿಗಲ್ ಕೆರೆ ಏರಿಯ ಮೇಲೆ ಪ್ರೇಮಲತಾ ಅವತ್ತು ಅವನ ಪಕ್ಕ ನಡೆಯಲಾರದೆ ಹಿಂದೆ ಹಿಂದೆಯೇ ಉಳಿದಳು. ಕಾಲು ಸೋಲುತ್ತಿದೆ ಎಂದಳು. ಅವಳ ಕೈ ಹಿಡಿಯಲು ಅವನು ಕೈ ಚಾಚಿದಾಗ ಕಿವಿಯ ಪಕ್ಕದಲ್ಲೇ ಕಟಕ್ ಎಂದಿತು. ಆಗ ಅವನಿಗೆ ನಿಜವಾಗಿ ಭಯವಾಯಿತು. ಕೈ ಹಿಂದಕ್ಕೆ ಎಳೆದುಕೊಂಡ. ಅವಳ ಮುಖ ಬಾಡಿತು.

ತಡವಾಗಿ ಹಿಂತಿರುಗಿದ ಗಂಗಹನುಮಯ್ಯ ರೈಫಲ್ಲಿನ ಮೇಲಿನ ಹಳದಿ ನೋಡಿದ್ದೇ ಕುರ್ಚಿ ಹಿಡಿದು ಕುಳಿತರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಾಯಾಗುತ್ತಿತ್ತು. ಹುಲಿಯೂರುದುರ್ಗದಲ್ಲಿ ನಮ್ಮ ಅತ್ತಿಗೆ ಇದ್ದಾರೆ, ಹೋಗಿ ಕೇಳು ಎಂದಷ್ಟೇ ಹೇಳಿದರು.

ಅತ್ತಿಗೆ ಸಿದ್ದಗಂಗಮ್ಮ ಹಣ್ಣುಹಣ್ಣು ಮುದುಕಿ. ಗಂಡ ರಾಮಾಂಜಿನಯ್ಯ ಸತ್ತು ಎಷ್ಟೋ ಕಾಲವಾಗಿದ್ದರೂ ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ಮೋಹನ್‌ಕುಮಾರ್ ಅದನ್ನೇ ನೋಡುತ್ತಿದ್ದುದನ್ನು ಕಂಡು, ವಿಧವೆ ಆದದ್ದು ಅವಳು, ನಾನಲ್ಲ ಎಂದು ಹೇಳಿ ಕತೆಯನ್ನು ಬಿಚ್ಚಿದಳು.

ರಾಮಾಂಜಿನಯ್ಯನಿಗೆ ಸೇನೆಯಲ್ಲಿ ತರಬೇತಿ ಕೊಡುವ ಉಸ್ತಾದರು ಮೊದಲ ದಿನವೇ ಹೇಳಿಕೊಟ್ಟ ಮಾತು, ರೈಫಲ್ಲೇ ನಿನ್ನ ಹೆಂಡತಿ ಎಂಬುದು. ರಜೆಗೆ ಬಂದರೆ ಅವನ ಬಾಯಲ್ಲಿ ಅದೇ ಮಾತು. ಎಳೆಯ ಹೆಂಡತಿ ಪಕ್ಕದಲ್ಲಿ ಮಲಗಿದ್ದರೂ ನಿದ್ದೆಯಲ್ಲಿ ಅವನ ಕೈ ಇಲ್ಲದ ರೈಫಲ್ಲನ್ನು ತಡಕುತ್ತಿತ್ತು. ಸಿದ್ದಗಂಗಮ್ಮನಿಗೆ ಹೊಟ್ಟೆ ಉರಿಯಿತು. ಅವನ ಸಮವಸ್ತ್ರದ ಅಂಗಿಯ ಬಲಭುಜದ ತುಂಡು ಕತ್ತರಿಸಿಕೊಂಡು ಮಾಟಗಾರನ ಹತ್ತಿರ ಹೋದಳು. ಅವಳೇ ಹೆಂಡತಿ ಆಗೋದಾದರೆ ಪೂರ್ತಿ ಆಗಲಿ, ಉರಿಯೂ ಹಸಿವೂ ಅವಳಿಗೇ ಬರಲಿ ಎಂದು ಮಾಟ ಮಾಡಿಸಿದಳು. ಕೆಲವು ಕಾಲದ ನಂತರ ಗಂಡನಿಗೆ ಬುದ್ಧಿ ಬಂತು. ಕೆಲಸ ಬಿಟ್ಟು ಮನೆಗೆ ಬರುತ್ತೇನೆಂದು ಹೇಳಿ ಕಳಿಸಿದ. ಅದೇ ವಾರ ಒರೆಸುತ್ತಿದ್ದ ರೈಫಲ್ಲು ಗುಂಡಿಲ್ಲದೆಯೇ ಸಿಡಿದು ಸತ್ತ. ಮೂಲೆಗೆ ಬಿದ್ದ ರೈಫಲ್ಲು ಕಂಡವರ ಕೈ ಸೇರಬಾರದೆಂದು ಗಂಗಹನುಮಯ್ಯ ಓಡಾಡಿ ಅದನ್ನೇ ಹುಡುಕಿ ತಂದರು. ಅರಿಶಿನ ಸೋಕದಿರುವಷ್ಟು ಕಾಲ ಅದು ವಿಧವೆಯಂತೆ ಸುಮ್ಮನಿತ್ತು.

ಪ್ರೇಮಲತಾಳ ವಿಷಯವನ್ನೂ ಹೇಳಿ, ದಾರ ಬಿಚ್ಚಿಬಿಟ್ಟರೆ ಎಂದು ಮೋಹನ್‌ಕುಮಾರ್ ಕೇಳಿದ. ಗಂಡ ಬದುಕಿರುವಾಗ ಯಾವ ಹೆಂಗಸು ಬಿಚ್ಚಿಸಿಕೊಳ್ಳುತ್ತಾಳೆ ಎಂದಳು ಮುದುಕಿ. ಹಾಗಾದರೆ ನನ್ನನ್ನೂ ಕೊಲ್ಲುತ್ತಾಳೆಯೇ ಎಂದು ಅವನು ಕೇಳಿದಾಗ ಅವಳು ಇಲ್ಲವೆಂದು ತಲೆಯಾಡಿಸಿದಳು.

"ಗಂಡನ್ನ ಕೊಂದು ಇಷ್ಟು ವರ್ಸ ಒಂಟಿ ಬಿದ್ದವ್ಳೆ ಕಣಪ್ಪ. ಅದೇ ತಪ್ಪ ಎರಡನೇ ಸಲ ಮಾಡಾಕಿಲ್ಲ. ಈ ಸಲ ಆ ಹುಡ್ಗೀನ ವಿಚಾರಿಸ್ಕೋತಾಳೆ."

ಬಸ್ಸಿನಲ್ಲಿ ಕೂತು ಅವನು ಪ್ರೇಮಲತಾಗೆ ಫೋನ್ ಮಾಡಿದ. ಸ್ವಲ್ಪ ದಿನ ತುಮಕೂರಿಗೆ ಬರಬೇಡ, ನನ್ನನ್ನು ನೋಡಲೇಬೇಡ ಎಂದ. ಯಾಕೆಂದು ಕೇಳಿದಳು. ಮಾಟ, ರೈಫಲ್ಲು, ತಾಳಿ ಎಂದು ಫೋನಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ? ತಿಂಗಳ ಹಿಂದೆ ತಾನೇ ನಂಬುತ್ತಿರಲಿಲ್ಲ. ಸುಮ್ಮನೆ ಬರಬೇಡ ಎಂದು ಫೋನ್ ಇಟ್ಟ. ಅದೇ ಅವನು ಮಾಡಿದ ತಪ್ಪು. ಅವಳ ಚಿಕ್ಕಮ್ಮ ಓಬಳಮ್ಮ ಅದಾಗಲೇ ಒಂದು ಸುದ್ದಿ ತಂದಿದ್ದಳು.

ಮರುದಿನ ಮಧ್ಯಾಹ್ನ ಹುಡುಗರನ್ನು ಕರೆದುಕೊಂಡು ಗಂಗಹನುಮಯ್ಯ ಪರೀಕ್ಷೆಗೆ ಹೋಗಿದ್ದರು. ಮೋಹನ್‌ಕುಮಾರ್ ಶೆಡ್ಡಿನ ಶಟರನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಗೂಟದಿಂದ ರೈಫಲ್ಲನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡು, ಗರಗಸ ಹಿಡಿದು ಕೂತ. ಕರೆಂಟು ಹೋಗಿತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲೆ. ಕಾದ ತಗಡಿನ ವಾಸನೆ, ಎಣ್ಣೆಯ ವಾಸನೆ, ಎಲ್ಲಕ್ಕಿಂತ ಮೇಲೆ ಮದುಮಗಳ ಮೈಯ ಹಸಿ ಅರಿಶಿನದ ವಾಸನೆ. ದಾರಕ್ಕಾಗಿ ಬೆರಳಾಡಿಸಿದ. ದಾರ ಇರಲಿಲ್ಲ. ಕೊಂಬೂ ಇರಲಿಲ್ಲ. ಮರದ ಒಳಗೆ, ಹುಟ್ಟಿದಾಗಿನಿಂದ ಇದ್ದ ಗೆರೆಯಂತೆ ಒಂದು ಹಳದಿ ಎಳೆ ಸುತ್ತಿಕೊಂಡಿತ್ತು. ಅದರ ಕೆಳಗೆ ಏನೋ ಮಿಡಿಯುತ್ತಿತ್ತು.

ಹೊರಗೆ ಆಟೋ ಬಂದು ನಿಂತಿತು.

ಶಟರಿನ ಕೆಳಗೆ ಎರಡು ಕಾಲು ಕಾಣಿಸಿದವು. ಪ್ರೇಮಲತಾಳ ಚಪ್ಪಲಿ.

"ಒಳಗಿದ್ದೀರಾ?" ಎಂದಳು. ಅತ್ತು ಬಂದ ದನಿ.

ಕಟಕ್. ಬೋಲ್ಟ್ ಹಿಂದಕ್ಕೆ ಹೋಯಿತು. ಅವನು ಎಳೆದಿರಲಿಲ್ಲ. ಕಟಕ್. ಮುಂದಕ್ಕೆ ಬಂತು. ಕೈಯಿಂದ ಬಿಸಾಡಲು ನೋಡಿದ. ಬೆರಳು ಬಿಡಲಿಲ್ಲ. ರೈಫಲ್ಲು ಮೇಲೆದ್ದಿತು. ಅದರ ಜೊತೆ ಅವನ ಕೈಯೂ ಎದ್ದಿತು. ಅದರ ಹಿಂಬದಿಯ ಮರ ಭುಜದ ನೀಲಿ ಕಲೆಗೆ ಬಂದು ಸರಿಯಾಗಿ ಕೂತಿತು. ನಳಿಗೆ ಶಟರಿನ ಕಡೆ ತಿರುಗಿತು. ಬೆಸುಗೆ ಹಾಕಿದ ನಳಿಗೆ. ಅದರ ತುದಿಯಲ್ಲಿ ಈಗ ದುಂಡನೆಯ ಕಪ್ಪು ತೂತಿತ್ತು.

"ಬಸ್ಸಲ್ಲಿ ನಿಮ್ಮ ಪಕ್ಕ ಹಳದಿ ಸೀರೆಯೋಳು ಕೂತಿದ್ಲಂತೆ. ನಮ್ಮ ಚಿಕ್ಕಮ್ಮ ನೋಡವ್ರೆ. ಯಾರು ಅವಳು?"

ಓಡು ಎಂದು ಕೂಗಿದರೆ ಗಾಬರಿಯಿಂದ ಶಟರ್ ಎತ್ತಿಯೇ ಎತ್ತುತ್ತಾಳೆ. ಸುಮ್ಮನಿದ್ದರೂ ಎತ್ತುತ್ತಾಳೆ. ಅವಳು ಬಗ್ಗಿದಳು. ಬೆರಳುಗಳು ಶಟರಿನ ಅಂಚು ಹಿಡಿದವು. ನಿಶ್ಚಿತಾರ್ಥದಲ್ಲಿ ಅವನೇ ತೊಡಿಸಿದ ಉಂಗುರ ಬಿಸಿಲಿಗೆ ಹೊಳೆಯಿತು. ಟ್ರಿಗರಿನ ಮೇಲೆ ಅವನ ಬೆರಳು ಮಡಚಿಕೊಳ್ಳುತ್ತಿತ್ತು. ತಡೆದ. ಮಡಚಿತು. ಎಲ್ಲ ಬಲ ಹಾಕಿ ತಡೆದ. ಮಡಚಿತು. ಅವಳು ಹೋಗಬೇಕು. ತಾನಾಗಿಯೇ ಬಿಟ್ಟು ಹೋಗಬೇಕು. ಈಗಲೇ.

"ಅವಳು ನನ್ನ ಹೆಂಡ್ತಿ," ಎಂದ ಮೋಹನ್‌ಕುಮಾರ್.

ಶಟರ್ ಹಿಡಿದ ಬೆರಳುಗಳು ಹಾಗೇ ನಿಂತವು.

"ನಿಜ ಹೇಳಿ."

"ಆಯುಧಪೂಜೆ ದಿನ ತಾಳಿ ಕಟ್ಟಿದೆ. ಒಳಗೇ ಅವ್ಳೆ. ನೀನು ಹೋಗು."

ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಬೆರಳುಗಳು ಶಟರಿನ ಅಂಚನ್ನು ಬಿಟ್ಟವು. ಬಹಳ ಹೊತ್ತು ಆ ಚಪ್ಪಲಿಗಳು ಅಲ್ಲೇ ಇದ್ದವು. ಒಂದು ಬೈಗುಳವಾದರೂ ಬರಲಿ ಎಂದು ಅವನು ಕಾದ. ಬರಲಿಲ್ಲ. ಉಂಗುರ ಶಟರಿನ ಕೆಳಗಿನಿಂದ ಉರುಳಿ ಬಂದು ಅವನ ಕಾಲಿನ ಹತ್ತಿರ ನಿಂತಿತು. ಆಟೋ ಹೊರಟಿತು. ಅದರ ಸದ್ದು ಹೆದ್ದಾರಿಯ ಸದ್ದಿನಲ್ಲಿ ಸೇರಿಹೋಗುವವರೆಗೂ ಅವನು ಉಸಿರು ಬಿಡಲಿಲ್ಲ.

ಪ್ರೇಮಲತಾ ಬದುಕಿದಳು. ಬದುಕಿರುವಷ್ಟು ದಿನವೂ ಅವಳು ತನ್ನನ್ನು ಮೋಸಗಾರನೆಂದೇ ನೆನೆಯುತ್ತಾಳೆ, ಹಾಗೆ ನೆನೆದರೇ ಅವಳಿಗೆ ಕ್ಷೇಮ ಎಂಬುದು ಅವನಿಗೆ ಅರ್ಥವಾಯಿತು. ಕತ್ತಲೆಯಲ್ಲಿ ಕೂತು ಅವನು ಬಾಯಿಬಿಟ್ಟು ಅತ್ತ.

ಆಗ ನಳಿಗೆ ತಾನಾಗಿಯೇ ಇಳಿಯಿತು. ಬೆಚ್ಚಗಿನ ಮರ ಅವನ ತೋಳಿನ ಸಂದಿಗೆ ಸರಿದು ಬಂದು ಭುಜಕ್ಕೆ ತಲೆಯಿಟ್ಟು ಒರಗಿತು. ಅಳುವವನನ್ನು ಯಾರೋ ನಿಧಾನವಾಗಿ ಸಂತೈಸತೊಡಗಿದರು.